ಆರ್ಬಿಟ್ರೇಷನ್‌ಗೂ 'ಮಧ್ಯಸ್ಥಿಕೆ', ಮೀಡಿಯೇಷನ್‌ಗೂ 'ಮಧ್ಯಸ್ಥಿಕೆ' ಅಂದ್ರೆ ಹೇಗೆ? (ಐತೀರ್ಪು, ಜಾರಿ, ಜಪ್ತಿ ಬಗ್ಗೆಯೂ ಕೇಳುವುದಿದೆ)

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಬರೆಯುತ್ತಿದ್ದೇನೆ. ಸೋಲಾರ್ ಕಂಪನಿಗಳು ಸ್ಪೇನ್ ಸರ್ಕಾರದ ಮೇಲೆ ಹಾಕಿದ ಅಂತರರಾಷ್ಟ್ರೀಯ ಕೇಸುಗಳ ಬಗ್ಗೆ ಒಂದು ಕನ್ನಡ ಲೇಖನ ಕೈಯಲ್ಲಿದೆ. ವಿಷಯದಲ್ಲಿ ತೊಡಕಿಲ್ಲ, ಪದಗಳಲ್ಲೇ ಎಲ್ಲ ತಕರಾರು. ಮೊದಲ ಸಾಲಿಗೇ ಆರ್ಬಿಟ್ರೇಷನ್ ಬೇಕು, ಅಲ್ಲೇ ನಿಂತಿದ್ದೇನೆ.

ಪತ್ರಿಕೆಗಳು ಇದಕ್ಕೆ ಮಧ್ಯಸ್ಥಿಕೆ ಅಂತ ಬರೆಯುತ್ತವೆ. ಸರಿ ಅನ್ನೋಣ ಅಂದ್ರೆ ಮೀಡಿಯೇಷನ್‌ಗೂ ಅದನ್ನೇ ಬರೆಯುತ್ತವೆ. ಕೋರ್ಟ್ ಆವರಣಗಳಲ್ಲಿ 'ಮಧ್ಯಸ್ಥಿಕೆ ಕೇಂದ್ರ' ಅಂತ ಬೋರ್ಡ್ ಇರುತ್ತಲ್ಲ, ಅಲ್ಲಿ ಕೂರುವವರು ತೀರ್ಪು ಕೊಡುವುದಿಲ್ಲ. ಗಂಡ ಹೆಂಡತಿಯನ್ನೋ ಅಣ್ಣ ತಮ್ಮಂದಿರನ್ನೋ ಕೂರಿಸಿಕೊಂಡು ಮಾತಾಡಿಸುತ್ತಾರೆ, ಇಬ್ಬರೂ ಒಪ್ಪಿದರೆ ಆಯ್ತು, ಇಲ್ಲದಿದ್ದರೆ ಕೇಸು ವಾಪಸ್. ಆರ್ಬಿಟ್ರೇಟರ್ ಹಾಗಲ್ಲ. ಆತ ಎರಡೂ ಕಡೆ ಕೇಳಿ ಇಷ್ಟು ದುಡ್ಡು ಕೊಡು ಅಂತ ಹೇಳಿಬಿಡುತ್ತಾನೆ, ಸೋತವನಿಗೆ ಇಷ್ಟವಿರಲಿ ಬಿಡಲಿ ಅದು ಅವನನ್ನು ಕಟ್ಟಿಹಾಕುತ್ತದೆ. ಒಬ್ಬನಿಗೆ ತೀರ್ಮಾನದ ಅಧಿಕಾರವೇ ಇಲ್ಲ, ಇನ್ನೊಬ್ಬನ ಕೆಲಸವೇ ತೀರ್ಮಾನ ಮಾಡುವುದು. ಈ ಇಬ್ಬರಿಗೂ ಒಂದೇ ಹೆಸರಿಟ್ಟರೆ ಓದುವವನಿಗೆ ಏನು ತಿಳಿಯಬೇಕು? 1996ರ ಆರ್ಬಿಟ್ರೇಷನ್ ಕಾಯ್ದೆ ಮತ್ತು 2023ರ ಮೀಡಿಯೇಷನ್ ಕಾಯ್ದೆ ಎರಡರ ಸುದ್ದಿಯೂ ಒಂದೇ ಪುಟದಲ್ಲಿ ಬಂದರಂತೂ ದೇವರೇ ಗತಿ.

ನನ್ನ ಮಟ್ಟಿಗೆ ಮಧ್ಯಸ್ಥಿಕೆಯನ್ನು ಮೀಡಿಯೇಷನ್‌ಗೆ ಬಿಟ್ಟುಕೊಡುವುದೇ ವಾಸಿ. ಬೋರ್ಡ್‌ಗಳಲ್ಲೂ ಜನರ ಬಾಯಲ್ಲೂ ಅದು ಆಗಲೇ ಅಲ್ಲಿ ಕೂತಿದೆ. ಆರ್ಬಿಟ್ರೇಷನ್‌ಗೆ ನಮ್ಮಲ್ಲೇ ಇರುವ ಪದ ಪಂಚಾಯ್ತಿ, ಅಲ್ವಾ? ಮೈಸೂರು ಮಂಡ್ಯ ಕಡೆ ಯಾರ ಮನೆಯ ಹಳೇ ಟ್ರಂಕ್ ತೆಗೆದರೂ ಒಂದು 'ಪಂಚಾಯ್ತಿ ಪಾಲುಪಾರೀಕತ್ತು' ಸಿಗುತ್ತೆ. ಪಂಚರು ಕೂತು ಜಮೀನು ಹಂಚಿ ಕೊಟ್ಟ ಕಾಗದ. ಕೂರುವ ಮುಂಚೆ ಎರಡೂ ಕಡೆಯವರು, ಪಂಚರು ಹೇಳಿದ ಹಾಗೆ ಕೇಳುತ್ತೇವೆ ಅಂತ ಮುಚ್ಚಳಿಕೆ ಬರೆದುಕೊಡುವ ಪದ್ಧತಿಯೂ ಇತ್ತು. ಈ ಮುಚ್ಚಳಿಕೆ ಅನ್ನೋದು ಸ್ಪೇನ್ ಕಥೆಗೆ ತುಂಬಾ ಚೆನ್ನಾಗಿ ಕೂರುತ್ತದೆ, ಅದಕ್ಕೇ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ.

2007ರಲ್ಲಿ ಸ್ಪೇನ್ ಒಂದು ಆದೇಶ ಹೊರಡಿಸಿತು. ಬಿಸಿಲಿನಿಂದ, ಗಾಳಿಯಿಂದ ಕರೆಂಟ್ ಮಾಡುವವರಿಗೆ ಮಾರುಕಟ್ಟೆಗಿಂತ ಜಾಸ್ತಿ ದರ, ಅದೂ ವರ್ಷಾನುಗಟ್ಟಲೆ. ಹೊರದೇಶದ ದುಡ್ಡು ಬಂದು ಬಿತ್ತು. ಆಮೇಲೆ ಆರ್ಥಿಕ ಮುಗ್ಗಟ್ಟು ಬಂತು, ಕೊಡುವ ದರಕ್ಕೂ ಗ್ರಾಹಕರಿಂದ ಬರುವ ಬಿಲ್ಲಿಗೂ ಇರುವ ಅಂತರ ಸಾವಿರಾರು ಕೋಟಿ ಯೂರೋ ಮುಟ್ಟಿತು, ಸರ್ಕಾರ 2010ರಿಂದ ಕತ್ತರಿ ಹಾಕಲು ಶುರು ಮಾಡಿ, 2012ರ ಕೊನೆಯಲ್ಲಿ ವಿದ್ಯುತ್ ಉತ್ಪಾದನೆ ಮೇಲೆ ಶೇ 7 ತೆರಿಗೆ ಹಾಕಿ, 2013ರ ಜುಲೈನಲ್ಲಿ ಹಳೇ ದರದ ಪದ್ಧತಿಯನ್ನೇ ಕಿತ್ತುಹಾಕಿತು. ಕಂಪನಿಗಳು ಸುಮ್ನೆ ಕೂರಲಿಲ್ಲ. ಎನರ್ಜಿ ಚಾರ್ಟರ್ ಒಪ್ಪಂದ ಅಂತ ಒಂದಿದೆ. 1994ರಲ್ಲಿ ಲಿಸ್ಬನ್‌ನಲ್ಲಿ ಸಹಿಯಾದದ್ದು. ಅದರ 26ನೇ ವಿಧಿಯಲ್ಲಿ, ಹೂಡಿಕೆದಾರರು ಕೇಸು ಹಾಕಿದರೆ ಆರ್ಬಿಟ್ರೇಷನ್‌ಗೆ ಬರುತ್ತೇವೆ ಅಂತ ಸಹಿ ಹಾಕಿದ ದೇಶಗಳು ಮೊದಲೇ ಒಪ್ಪಿಕೊಂಡಿವೆ. ಎದುರು ಪಾರ್ಟಿ ಯಾರು ಅಂತ ಗೊತ್ತಾಗುವ ಮುಂಚೆಯೇ ಬರೆದುಕೊಟ್ಟ ಮುಚ್ಚಳಿಕೆ! ಇಂಗ್ಲಿಷ್‌ನಲ್ಲಿ ಇದಕ್ಕೆ ಬರೀ ಕನ್ಸೆಂಟ್ ಅನ್ನುತ್ತಾರೆ. 'ಸಮ್ಮತಿ' ಅಂತ ಬರೆದರೆ ಸಪ್ಪೆ.

ತೊಂದರೆ ಏನಪ್ಪಾ ಅಂದ್ರೆ, ಇವತ್ತು ಪಂಚಾಯ್ತಿ ಅಂದ ತಕ್ಷಣ ಕಣ್ಣಿಗೆ ಬರುವುದು ಗ್ರಾಮ ಪಂಚಾಯ್ತಿ ಕಚೇರಿ, ಪಿಡಿಒ, ಕಂದಾಯದ ರಸೀದಿ. 'ಸ್ಪೇನ್ ಸರ್ಕಾರ ಪಂಚಾಯ್ತಿಯಲ್ಲಿ ಸೋತಿತು' ಅಂದರೆ ಓದುಗರು ನಗುತ್ತಾರೆ. 'ಪಂಚಾಯ್ತಿಕೆ' ಅಂತ ಬಾಲ ಸೇರಿಸಿದರೆ ನಡೆಯುತ್ತಾ? 'ಪಂಚರ ಮಂಡಳಿ' ಅಂದರೆ ಟ್ರಿಬ್ಯುನಲ್‌ಗೆ ಆಗಬಹುದು. ಸಾಮಾನ್ಯವಾಗಿ ಮೂವರೇ ಇರುತ್ತಾರೆ, ಆದರೆ ಪಂಚ ಅನ್ನೋ ಪದಕ್ಕೆ ಆ ಐದರ ಲೆಕ್ಕ ಕಳೆದುಹೋಗಿ ಬಹಳ ಕಾಲವಾಯ್ತು.

ಇಲ್ಲದಿದ್ದರೆ ಆರ್ಬಿಟ್ರೇಷನ್ ಅಂತಲೇ ಬಿಡಬಹುದು. ಹೆದ್ದಾರಿಗೆ ಜಮೀನು ಕೊಟ್ಟ ಮಂಡ್ಯ, ಮದ್ದೂರು ಕಡೆಯ ರೈತರಿಗೆ ಈ ಪದ ಹೊಸದೇನಲ್ಲ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಪರಿಹಾರ ಕಡಿಮೆ ಆಯ್ತು ಅನ್ನುವವರು ಕೇಂದ್ರ ಸರ್ಕಾರ ನೇಮಿಸಿದ ಆರ್ಬಿಟ್ರೇಟರ್ ಹತ್ತಿರ ಹೋಗಬೇಕು, ಬಹಳ ಕಡೆ ಜಿಲ್ಲಾಧಿಕಾರಿಯೇ ಆ ಆರ್ಬಿಟ್ರೇಟರ್. 'ಅವಾರ್ಡ್ ಆಗಿದೆ, ಕಮ್ಮಿ ಬಂತು, ಆರ್ಬಿಟ್ರೇಷನ್‌ಗೆ ಹಾಕಿದೀವಿ' ಅನ್ನೋದು ಟೀ ಅಂಗಡಿ ಮಾತು.

ಅವಾರ್ಡ್ ಅಂದೆನಲ್ಲ, ಅದು ಎರಡನೇ ತಲೆನೋವು. ಯಂತ್ರಾನುವಾದಕ್ಕೆ ಹಾಕಿದರೆ 'ಕಂಪನಿಗೆ 12.8 ಕೋಟಿ ಯೂರೋ ಪ್ರಶಸ್ತಿ' ಅಂತ ಬರುತ್ತೆ, ಶಾಲು ಹಾರ ಒಂದು ಬಾಕಿ. ಕೆಲವರು ಪರಿಹಾರ ಅಂತಾರೆ, ಅದೂ ತಪ್ಪು. ಪರಿಹಾರ ಅಂದರೆ ದುಡ್ಡು, ಅವಾರ್ಡ್ ಅಂದರೆ ತೀರ್ಮಾನ. ಕಂಪನಿ ಸೋತರೂ ಅವಾರ್ಡ್ ಇರುತ್ತದೆ. 2016ರ ಜನವರಿಯಲ್ಲಿ, ಸ್ಟಾಕ್‌ಹೋಮ್‌ನ ಆರ್ಬಿಟ್ರೇಷನ್ ಸಂಸ್ಥೆಯ ಅಡಿ ಸ್ಪೇನ್ ಮೇಲೆ ನಡೆದ ಶಾರಾನ್ ಕಂಪನಿಯ ಕೇಸಿನಲ್ಲಿ ಬಂದದ್ದು ಅಂಥದ್ದೇ, ಗೆದ್ದದ್ದು ಸ್ಪೇನ್, ಪರಿಹಾರ ಸೊನ್ನೆ. ನಮ್ಮ ಭೂಸ್ವಾಧೀನದ ಕಾಗದಗಳಲ್ಲಿ ಇದಕ್ಕೆ ಅಚ್ಚುಕಟ್ಟಾದ ಪದ ಇದೆ: ಐತೀರ್ಪು. ಮಂಡ್ಯದ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಪರಿಚಯದವರೊಬ್ಬರನ್ನು ಕೇಳಿದೆ. 'ಐತೀರ್ಪು ಅಂತ ಬರೀರಿ ಸ್ವಾಮಿ, ಯಾಕೆ ಹೊಸದು ಹುಡುಕ್ತೀರಾ' ಅಂದರು. ಐದು ಜನ ಪಂಚರ ತೀರ್ಪು, ಅದಕ್ಕೇ ಐ-ತೀರ್ಪು ಅಂತ ನನ್ನ ಊಹೆ. ಹಾಗೇನಾದರೂ ಇದ್ದರೆ ಪಂಚಾಯ್ತಿ ಪಕ್ಕದಲ್ಲಿ ಇದಕ್ಕಿಂತ ಒಳ್ಳೇ ಜೋಡಿ ಬೇಡ.

ಇದನ್ನೇ ಹಿಡಿದು ಐಸರ್ ಕೇಸು ಬರೆದು ನೋಡಿದೆ. ಕನ್ನಡಿಗಳನ್ನಿಟ್ಟು ಬಿಸಿಲಿನ ಶಾಖದಿಂದ ಕರೆಂಟ್ ಮಾಡುವ ಮೂರು ಸ್ಥಾವರಗಳಲ್ಲಿ ದುಡ್ಡು ಹಾಕಿದ್ದ ಕಂಪನಿ. 2017ರ ಮೇನಲ್ಲಿ ಅದರ ಪರ 12.8 ಕೋಟಿ ಯೂರೋ ಐತೀರ್ಪು ಬಂತು. 2020ರ ಜೂನ್‌ನಲ್ಲಿ ಆ ಐತೀರ್ಪು ರದ್ದಾಯ್ತು. ಯಾಕೆಂದರೆ ಕಂಪನಿ ನೇಮಿಸಿದ ಪಂಚರಿಗೂ, ಕಂಪನಿ ಪರ ಲೆಕ್ಕ ಹೇಳಿದ ತಜ್ಞರ ಸಂಸ್ಥೆಗೂ ನಂಟು ಇತ್ತು, ಅವರು ಅದನ್ನು ಮೊದಲೇ ಹೇಳಿರಲಿಲ್ಲ. ಸರಾಗವಾಗಿ ಓದಿಸಿಕೊಂಡಿತು. ಇಲ್ಲಿ 'ಮೇಲ್ಮನವಿಯಲ್ಲಿ ಸೋತಿತು' ಅಂತ ಬರೆಯುವ ಹಾಗಿಲ್ಲ, ಈ ಕೇಸು ನಡೆದದ್ದು ವಿಶ್ವಬ್ಯಾಂಕ್ ಅಡಿಯ ಆರ್ಬಿಟ್ರೇಷನ್ ವ್ಯವಸ್ಥೆಯಲ್ಲಿ, ಅಲ್ಲಿ ಮೇಲ್ಮನವಿಯೇ ಇಲ್ಲ, ಕೆಲವು ಗೊತ್ತಾದ ಕಾರಣಗಳಿಗೆ ರದ್ದತಿ ಮಾತ್ರ.

ಇನ್ನು ನಿಜವಾಗಿ ಕಷ್ಟದ್ದು. ರೆಕಗ್ನಿಷನ್, ಎನ್‌ಫೋರ್ಸ್‌ಮೆಂಟ್, ಎಕ್ಸಿಕ್ಯೂಷನ್. ನಾವು ಕೊನೆಯ ಎರಡಕ್ಕೂ ಜಾರಿ ಅಂತ ಒಂದೇ ಮುದ್ರೆ ಒತ್ತುತ್ತೇವೆ. ಇದು ಬರೀ ನಮ್ಮ ಗೋಳು ಅಂದುಕೊಳ್ಳಬೇಡಿ. ಸ್ಪೇನ್ ಇದೇ ವಿಷಯವನ್ನು ಆಸ್ಟ್ರೇಲಿಯಾದ ಹೈಕೋರ್ಟ್‌ವರೆಗೆ, ಅಂದರೆ ಅವರ ಅತ್ಯುನ್ನತ ಕೋರ್ಟ್‌ವರೆಗೆ ಎಳೆಯಿತು. ಲಕ್ಸೆಂಬರ್ಗ್‌ನ ಒಂದು, ನೆದರ್ಲೆಂಡ್ಸ್‌ನ ಒಂದು, ಹೀಗೆ ಎರಡು ಕಂಪನಿಗಳು ಐತೀರ್ಪಿನಂತೆ ತಮಗೆ ಬರಬೇಕಾದ 10.1 ಕೋಟಿ ಯೂರೋಗಾಗಿ ಅಲ್ಲಿ ಅರ್ಜಿ ಹಾಕಿದ್ದವು. ಮೇಲೆ ಹೇಳಿದ ವಿಶ್ವಬ್ಯಾಂಕ್ ವ್ಯವಸ್ಥೆ ನಿಂತಿರುವ ಒಡಂಬಡಿಕೆ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮೂರರಲ್ಲೂ ಇದೆ, ಮೂರಕ್ಕೂ ಸಮ ಬೆಲೆ. ಇಂಗ್ಲಿಷ್‌ನಲ್ಲಿ ಎನ್‌ಫೋರ್ಸ್ ಒಂದು ಕಡೆ, ಎಕ್ಸಿಕ್ಯೂಷನ್ ಇನ್ನೊಂದು ಕಡೆ. ಫ್ರೆಂಚ್, ಸ್ಪ್ಯಾನಿಷ್‌ನಲ್ಲಿ ಎರಡೂ ಕಡೆ ಒಂದೇ ಪದ. ಎಕ್ಸಿಕ್ಯೂಷನ್‌ನಿಂದ ದೇಶಗಳಿಗೆ ರಕ್ಷಣೆ ಇದೆ ಅಂತ 55ನೇ ವಿಧಿ ಹೇಳುತ್ತದಲ್ಲ, ಪದ ಒಂದೇ ಆದಮೇಲೆ ಎರಡಕ್ಕೂ ರಕ್ಷಣೆ ಇದ್ದೇ ಇದೆ ಅನ್ನೋದು ಸ್ಪೇನ್ ವಾದ. 2023ರ ಏಪ್ರಿಲ್‌ನಲ್ಲಿ ಕೋರ್ಟ್ ಒಪ್ಪಲಿಲ್ಲ. ಐತೀರ್ಪನ್ನು ಮಾನ್ಯ ಮಾಡಿ ತನ್ನ ತೀರ್ಪಿನ ಹಾಗೆ ದಾಖಲಿಸುವುದು ಬೇರೆ, ಆಸ್ತಿಗೆ ಕೈಹಾಕುವುದು ಬೇರೆ, ರಕ್ಷಣೆ ಇರುವುದು ಎರಡನೆಯದಕ್ಕೆ ಮಾತ್ರ ಅಂದಿತು. ಕೋಟಿಗಟ್ಟಲೆ ಯೂರೋ ಒಂದು ಪದದ ಮೇಲೆ ನಿಂತಿತ್ತು!

ಹಾಗಾಗಿ ಕನ್ನಡದಲ್ಲಿ ಈ ಮೂರನ್ನೂ ಬೇರೆ ಬೇರೆ ಇಡಲೇಬೇಕು. ಮಾನ್ಯತೆ, ಜಾರಿ, ಅಮಲ್ಜಾರಿ ಅಂತ ನನ್ನ ಪಟ್ಟಿ. ಅಮಲ್ಜಾರಿ ಕೋರ್ಟಿನವರಿಗೆ ದಿನದ ಮಾತು. ಹೊರಗಿನವರಿಗೆ ಜಾರಿ, ಅಮಲ್ಜಾರಿ ಎರಡೂ ಒಂದೇ ಥರ ಕೇಳಿಸಬಹುದು, ಅಂಥ ಕಡೆ ಜಪ್ತಿ ಅನ್ನಬಹುದಾ? ರೈತರಿಗೆ ಪರಿಹಾರ ಕೊಡದ ಕಚೇರಿಗೆ ಅಮೀನರು ಹೋಗಿ ಕುರ್ಚಿ, ಕಂಪ್ಯೂಟರ್ ಜಪ್ತಿ ಮಾಡಿದ ಸುದ್ದಿ ನಮಗೇನು ಅಪರೂಪವಲ್ಲ. ಭಾರತದ ಮೇಲೆ ಕೇರ್ನ್ ಅನ್ನೋ ಬ್ರಿಟಿಷ್ ಕಂಪನಿ ಗೆದ್ದ ತೆರಿಗೆ ಕೇಸಿನಲ್ಲಿ 2021ರಲ್ಲಿ ಪ್ಯಾರಿಸ್‌ನಲ್ಲಿದ್ದ ಭಾರತ ಸರ್ಕಾರದ ಆಸ್ತಿಗಳ ಮೇಲೆ ಅಲ್ಲಿನ ಕೋರ್ಟ್ ತಡೆ ಹಾಕಿದ್ದು ಅದರ ಹಿಂದಿನ ಮೆಟ್ಟಿಲು. ಆದರೆ ಜಪ್ತಿ ಅಮಲ್ಜಾರಿಯ ಒಂದು ದಾರಿ ಅಷ್ಟೇ, ಪೂರ್ತಿ ಅದಲ್ಲ ಅಂತ ವಕೀಲರು ಜಗಳಕ್ಕೆ ಬರಬಹುದು. ಬರಲಿ, ಅದಕ್ಕೇ ಇಲ್ಲಿ ಕೇಳುತ್ತಿರುವುದು.

'ನಮಗ್ಯಾಕೆ ಇದೆಲ್ಲ, ಭಾರತ ಎನರ್ಜಿ ಚಾರ್ಟರ್‌ಗೂ ಸೇರಿಲ್ಲ, ಆ ವಿಶ್ವಬ್ಯಾಂಕ್ ಒಡಂಬಡಿಕೆಗೂ ಸೇರಿಲ್ಲವಲ್ಲ' ಅನ್ನುವವರಿಗೆ: ಸೇರಿಲ್ಲ, ನಿಜ. ಆದರೆ ಜಗಳ ಇಲ್ಲೂ ಅದೇ. 2019ರಲ್ಲಿ ಆಂಧ್ರ ಸರ್ಕಾರ ಗಾಳಿ, ಸೋಲಾರ್ ಕರೆಂಟಿನ ಒಪ್ಪಂದದ ದರ ಇಳಿಸಲು ಹೊರಟಿತು, ಅದು ಹೈಕೋರ್ಟಿಗೆ ಹೋಗಿ 2022ರಲ್ಲಿ ಕಂಪನಿಗಳ ಪರ ಆಯ್ತು. ಪಾವಗಡದಂಥ ಸೋಲಾರ್ ಪಾರ್ಕ್ ಇರುವ ನಾಡಿನಲ್ಲಿ ಈ ಪದಗಳು ಬೇಕೇ ಬೇಕು.

ಕೊನೆಯದು, ಫೇರ್ ಅಂಡ್ ಈಕ್ವಿಟಬಲ್ ಟ್ರೀಟ್‌ಮೆಂಟ್. ಹೂಡಿಕೆದಾರರನ್ನು ಸರ್ಕಾರ ಹೇಗೆ ನಡೆಸಿಕೊಳ್ಳಬೇಕು ಅನ್ನೋ ಮಾತು. ಸ್ಪೇನ್ ಕೇಸುಗಳ ಜೀವಾಳವೇ ಇದು, ಎನರ್ಜಿ ಚಾರ್ಟರ್ ಒಪ್ಪಂದದ 10ನೇ ವಿಧಿಯಲ್ಲಿದೆ. 'ನ್ಯಾಯಯುತ ಮತ್ತು ಸಮಾನ' ಅಂತ ಬರೆಯುವವರಿದ್ದಾರೆ, ಆದರೆ ಇಲ್ಲಿ ಸಮಾನತೆಯ ಮಾತೇ ಇಲ್ಲ. ಎಲ್ಲರ ದರವನ್ನೂ ಒಂದೇ ಸಮ ಕತ್ತರಿಸಿದರೂ ಇದು ಮುರಿದಂತೆ ಆಗಬಹುದು. 'ನ್ಯಾಯ, ಧರ್ಮ' ಅಂತ ನಮ್ಮ ಜೋಡಿ ಮಾತಿದೆಯಲ್ಲ, 'ನ್ಯಾಯಧರ್ಮದ ನಡವಳಿಕೆ' ಅಂದರೆ ಹೇಗೆ? ಸ್ವಲ್ಪ ಹಳೇ ಕಾಲದ್ದು ಅನ್ನಿಸುತ್ತೆ, ಆದರೆ ಅರ್ಥಕ್ಕೆ ಹತ್ತಿರ.

ಭೂಸ್ವಾಧೀನ ಕಚೇರಿಯಲ್ಲೋ ಭಾಷಾಂತರ ಇಲಾಖೆಯಲ್ಲೋ ಕೆಲಸ ಮಾಡಿದವರು ಇಲ್ಲಿದ್ದರೆ, ಐತೀರ್ಪು ಅನ್ನೋ ಪದವನ್ನು ಭೂಸ್ವಾಧೀನ ಬಿಟ್ಟು ಬೇರೆ ಯಾವ ಕಾಗದದಲ್ಲಾದರೂ ಕಂಡಿದ್ದೀರಾ, ದಯವಿಟ್ಟು ತಿಳಿಸಿ. ಹಳೇ ಮೈಸೂರು ಸಂಸ್ಥಾನದ ದಾಖಲೆಯಲ್ಲಿ ಸಿಕ್ಕರೆ ಆ ಸಾಲನ್ನು ಇದ್ದ ಹಾಗೇ ಹಾಕಿ.