ಅಮ್ಮನ ಫೋನಲ್ಲಿ ಆಟೋಕರೆಕ್ಟ್ ಇರಲೋ ಬೇಡವೋ?

ಜಯನಗರ: ಅಮ್ಮ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ. ಫೋನ್ ಅದನ್ನು ತಿದ್ದಿ ಕೆಡಿಸುತ್ತದೆ. ನಿನ್ನೆ ಊಟಕ್ಕೆ 'ಬನ್ನಿ' ಅಂದದ್ದು ಮೊಲವಾಗಿ ಹೋಯಿತು. ಆಟೋಕರೆಕ್ಟ್ ತೆಗೆದುಬಿಡಲಾ, ಕನ್ನಡ ಕೀಬೋರ್ಡ್ ಹಾಕಿಕೊಡಲಾ? ಅನುಭವ ಇದ್ದವರು ಹೇಳಿ.

ರಾಜಾಜಿನಗರ: ಮೊದಲು ತೆಗೀರಿ. ಮಗನ ನಾಮಕರಣಕ್ಕೆ ಶಾಮಿಯಾನ ಅಂಗಡಿಯವನಿಗೆ ಕುರ್ಚಿ ಹೇಳಿದ್ದೆ. ಆಮೇಲೆ '40 ಬೇಡ, 25 ಸಾಕು' ಅಂತ ಮೆಸೇಜ್ ಹಾಕಿದೆ. 'ಬೇಡ'ದ ಕೊನೇ ಎ ಹೋಗಿ ಪಕ್ಕದ ಎಸ್ ಬಂದು ಕೂತಿತು. 40 ಬೆಡ್ಸ್! ಬೆಳಗ್ಗೆ ಆರಕ್ಕೆ ಟೆಂಪೋ ತುಂಬಾ ಹಾಸಿಗೆ. ಮೆಟ್ಟಿಲ ಮೇಲೆಲ್ಲ ಪೇರಿಸಿದರು, ಪುರೋಹಿತರು ಪಂಚೆ ಎತ್ತಿಕೊಂಡು ದಾಟಿ ಬಂದರು. ಒಂದಕ್ಕೆ 60ರಂತೆ 2,400. ಟೆಂಪೋ ಹೋಗಿ ಬರೋದಕ್ಕೆ 1,800. ಇಳಿಸಿ ಏರಿಸಿದ ಹುಡುಗರಿಗೆ 300. ಒಟ್ಟು 4,500, ಒಂದು ರೂಪಾಯಿ ಬಿಡಲಿಲ್ಲ ಪುಣ್ಯಾತ್ಮ. 'ನೀವೇ ಬರೆದಿದ್ದೀರಲ್ಲ ಸಾರ್' ಅಂತ ಫೋನ್ ತೋರಿಸಿದ. ಕುರ್ಚಿ ಮಾತ್ರ ಸರಿಯಾಗಿ 25 ಬಂದಿತ್ತು.

ಮಲ್ಲೇಶ್ವರ: ಕಳಿಸೋ ಮುಂಚೆ ಒಂದ್ಸಲ ಓದಬಾರದಿತ್ತಾ? ವಾಟ್ಸಾಪ್‌ನಲ್ಲಿ 15 ನಿಮಿಷದೊಳಗೆ ತಿದ್ದಬಹುದು.

ರಾಜಾಜಿನಗರ: ಇದು 2022ರ ಮಾತು ಸ್ವಾಮಿ. ಆ ಸೌಲಭ್ಯ ಬಂದಿದ್ದೇ 2023ರಲ್ಲಿ. ಸುಮ್ನೆ ಬುದ್ಧಿ ಹೇಳಬೇಡಿ.

ಬಸವನಗುಡಿ: ಕನ್ನಡ ಲಿಪಿಗೆ ಬಂದರೂ ತಪ್ಪಿದ್ದಲ್ಲ. ನನ್ನದು ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗೋ ಕೀಬೋರ್ಡ್. ಲ, ಳ ಯಾವುದು ಬೇಕು ಅಂತ ಅದೇ ಊಹಿಸುತ್ತೆ. ಗೃಹಪ್ರವೇಶಕ್ಕೆ ಅತ್ತೆಗೆ 'ನಿಮ್ಮ ಹಳ್ಳಿಯವರನ್ನೆಲ್ಲ ಕರೀರಿ' ಅಂತ ಬರೆದೆ. 'ಹಲ್ಲಿಯವರನ್ನೆಲ್ಲ' ಅಂತ ಹೋಯಿತು. ತವರಿನವರನ್ನು ಬೇಕಂತಲೇ ಆಡಿಕೊಂಡೆ ಅಂತ ಮೂರು ತಿಂಗಳು ಮಾತಿಲ್ಲ. ಸೀರೆ ತಂದುಕೊಟ್ಟ ಮೇಲೆ ಸರಿಹೋಯಿತು. ಸೀರೆ 3,850.

ಮಲ್ಲೇಶ್ವರ: ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸ ಕಲಿತಿದ್ದರೆ ಸೀರೆ ದುಡ್ಡು ಉಳೀತಿತ್ತು. ಸಣ್ಣ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದರೆ ಳ. ಊಹೆಯ ಮಾತೇ ಇಲ್ಲ. ನನಗೆ ಹದಿನೈದು ದಿನದಲ್ಲಿ ಕೈಗೆ ಬಂತು.

ಬಸವನಗುಡಿ: ಹೌದೌದು, ಅವರಮ್ಮ ಈ ವಯಸ್ಸಲ್ಲಿ ಶಿಫ್ಟ್ ಹುಡುಕುತ್ತಾ ಕೂರಲಿ. ನಿಮ್ಮ ಅಮ್ಮ ಕಲಿತಿದ್ದಾರಾ?

ಮಲ್ಲೇಶ್ವರ: ನಮ್ಮಮ್ಮನ ವಿಷಯ ಇಲ್ಲಿ ಬೇಡ.

ಯಲಹಂಕ: ಗೂಗಲ್‌ನ ಕೀಬೋರ್ಡ್ ಜಿಬೋರ್ಡ್ ಆದರೆ, ತಿದ್ದಿದ ತಕ್ಷಣ ಬ್ಯಾಕ್‌ಸ್ಪೇಸ್ ಒಂದ್ಸಲ ಒತ್ತಿ. ನಾವು ಬರೆದದ್ದೇ ವಾಪಸ್ ಬರುತ್ತೆ. ಅದಿರಲಿ, ಹಾಸಿಗೆಗೆ 60 ಜಾಸ್ತಿ ಆಯಿತು. ನಮ್ಮ ಕಡೆ 35.

ರಾಜಾಜಿನಗರ: ದಿಂಬು ಸೇರಿಸಿನಾ?

ಯಲಹಂಕ: ದಿಂಬು ಬೇರೆ.

ರಾಜಾಜಿನಗರ: ಮತ್ತೆ? ನನ್ನದು ದಿಂಬು ಸೇರಿ 60. ತಿಳಿದುಕೊಂಡು ಮಾತಾಡಿ.