ಹತ್ತಿ ಹೂವಿನಲ್ಲಿ ಗಂಡು ಹೆಣ್ಣು ಇದೆ ಎಂದು ಮೊದಲು ತೋರಿಸಿದವರು ಯಾರು?

ಪ್ರಶ್ನೆ (ರಾಣೆಬೆನ್ನೂರು ಕಡೆಯ ರೈತ ಮಹಿಳೆ): ಸರ್, ನಮಸ್ಕಾರ. ನಾವು ಕಂಪನಿಗೆ ಹೈಬ್ರಿಡ್ (ಎರಡು ತಳಿ ಕೂಡಿಸಿದ) ಹತ್ತಿ ಬೀಜದ ಪ್ಲಾಟ್ ಮಾಡುತ್ತೇವೆ. ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಸಂಜೆಯೇ ಉಗುರಿನಿಂದ ಸೀಳಿ, ಕೇಸರವನ್ನೆಲ್ಲ ಸುಲಿದು, ಕೆಂಪು ಕಾಗದದ ಚೀಲ ತೊಡಿಸುತ್ತೇವೆ. ಬೆಳಿಗ್ಗೆ ಗಂಡು ಸಾಲಿನ, ಅಂದರೆ ಪರಾಗಕ್ಕೆಂದೇ ಬೆಳೆಸಿದ ಇನ್ನೊಂದು ತಳಿಯ, ಹೂ ತಂದು ಅದಕ್ಕೆ ತೀಡಿ ದಾರ ಕಟ್ಟುತ್ತೇವೆ. ಇದನ್ನೆಲ್ಲ ಮೊದಲು ಕಂಡುಹಿಡಿದವರು ಯಾರು ಎಂದು ಹೈಸ್ಕೂಲಿಗೆ ಹೋಗುವ ಮಗಳು ಕೇಳಿದಳು. ನಮ್ಮ ಮನೆಯವರು ‘ಕಂಪನಿಯವರು’ ಎಂದರು. ಅವಳು ಒಪ್ಪುತ್ತಿಲ್ಲ.

ಉತ್ತರ (ಧಾರವಾಡದ ನಿವೃತ್ತ ಸಸ್ಯಶಾಸ್ತ್ರ ಪ್ರಾಧ್ಯಾಪಕ): ಮಗಳು ಒಪ್ಪದಿರುವುದೇ ಸರಿ, ತಾಯಿ. ಕಂಪನಿಗಳು ಹುಟ್ಟುವ ಎಷ್ಟೋ ಮೊದಲಿನ ಮಾತಿದು. ಹೂವಿನಲ್ಲಿ ಗಂಡು ಹೆಣ್ಣು ಇದೆ ಎಂದು ಪ್ರಯೋಗ ಮಾಡಿ ತೋರಿಸಿದ ಒಬ್ಬರ ಹೆಸರು ಹೇಳಲೇಬೇಕೆಂದರೆ ಜರ್ಮನಿಯ ಟ್ಯೂಬಿಂಗನ್ ಊರಿನ ಕಾಮೆರಾರಿಯಸ್, 1694.

ಆದರೆ ರೈತರು ಪಂಡಿತರಿಗಿಂತ ಮುಂದಿದ್ದರು. ಗಂಡು ಖರ್ಜೂರದ ಹೂವಿನ ಹುಡಿಯನ್ನು ಹೆಣ್ಣು ಮರದ ಮೇಲೆ ಉದುರಿಸಿದರೆ ಕಾಯಿ ನಿಲ್ಲುತ್ತದೆ ಎಂಬುದು ಪಶ್ಚಿಮ ಏಷ್ಯಾದ ತೋಟದವರಿಗೆ ಗೊತ್ತಿತ್ತು. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಹುಟ್ಟಿದ ಗ್ರೀಕ್ ವಿದ್ವಾಂಸ ಥಿಯೋಫ್ರಾಸ್ಟಸ್, ಅರಿಸ್ಟಾಟಲನ ಶಿಷ್ಯ, ಇದನ್ನು ಬರೆದಿಟ್ಟಿದ್ದಾನೆ. ಖರ್ಜೂರಕ್ಕೆ ನಿಜವಾದದ್ದು ಎಲ್ಲ ಹೂವಿಗೂ ನಿಜವಿರಬಹುದೇ ಎಂದು ಪರೀಕ್ಷಿಸಿ ತೋರಿಸಲು ಅಲ್ಲಿಂದ ಎರಡು ಸಾವಿರ ವರ್ಷ ಹಿಡಿಯಿತು. ಗಿಡದ ಔಷಧ ಗುಣ ಬರೆಯುವುದರಲ್ಲೇ ಪಂಡಿತರ ಆಯುಷ್ಯ ಕಳೆಯುತ್ತಿತ್ತು. ಹೂವು ಅವರಿಗೆ ಗಿಡದ ಗುರುತು, ಅಷ್ಟೆ.

ಕಾಮೆರಾರಿಯಸ್ ವೈದ್ಯ, ಅಲ್ಲಿನ ಸಸ್ಯತೋಟದ ಮೇಲ್ವಿಚಾರಕ. ಅವನ ಪ್ರಯೋಗಗಳಲ್ಲಿದ್ದ ಗಿಡಗಳು ನಮ್ಮ ಬದುವಿನಲ್ಲೇ ಇವೆ. ಔಡಲ ಗೊನೆ ನೋಡಿ: ಕೆಳಗೆ ಗಂಡು ಹೂ, ಮೇಲೆ ಹೆಣ್ಣು ಹೂ. ಗಂಡು ಮೊಗ್ಗುಗಳು ಬಿರಿಯುವ ಮುನ್ನವೇ ಅವನು ಚಿವುಟಿ ಹಾಕಿದ. ಕಾಯಿಯ ಸಿಪ್ಪೆ ಬಂತು, ಒಳಗೆ ಬೀಜ ಕಟ್ಟಲಿಲ್ಲ. ಗೋವಿನಜೋಳದ ತೆನೆಯ ರೇಷ್ಮೆಯಂಥ ಎಳೆಗಳನ್ನು ಕತ್ತರಿಸಿದ; ಕಾಳಿಲ್ಲದ ದಿಂಡು ಉಳಿಯಿತು. ಹಾಗಾಗಿ ಕೇಸರದ ಹುಡಿ ಗಂಡು, ಅದನ್ನು ಹಿಡಿಯುವ ಭಾಗ ಹೆಣ್ಣು ಎಂದು ಗೆಳೆಯನಿಗೆ ಬರೆದ ದೀರ್ಘ ಪತ್ರದಲ್ಲಿ ಸಾರಿದ. ಭಂಗಿ ಗಿಡ ಮಾತ್ರ ಅವನನ್ನು ಸತಾಯಿಸಿತು. ಹೆಣ್ಣು ಗಿಡಗಳನ್ನು ಬೇರೆ ಮಾಡಿದರೂ ಬೀಜ ಕಟ್ಟಿತು. ಅದನ್ನೂ ಮುಚ್ಚಿಡದೆ ಬರೆದಿದ್ದಾನೆ. ನನಗೆ ಅವನ ಮೇಲೆ ಗೌರವ ಹೆಚ್ಚಿದ್ದು ಅಲ್ಲಿ.

ನೀವು ಸಂಜೆ ಸುಲಿಯುವುದಕ್ಕೂ ಅವನು ಮೊಗ್ಗಿನಲ್ಲೇ ಚಿವುಟಿದ್ದಕ್ಕೂ ಕಾರಣ ಒಂದೇ. ಬೆಳಿಗ್ಗೆ ಹೂ ಅರಳಿ ಪರಾಗಕೋಶ ಒಡೆದ ಮೇಲೆ ಸುಲಿದು ಏನು ಪ್ರಯೋಜನ? ಅಷ್ಟರಲ್ಲಿ ಸ್ವಂತ ಪರಾಗ ತಾಗಿಬಿಟ್ಟಿರುತ್ತದೆ.

ಗದಗದ ಇನ್ನೊಬ್ಬ ಓದುಗರು: ಸರ್, ನಮ್ಮ ಚರಕ ಸಂಹಿತೆಯಲ್ಲೇ ಗಂಡು ಗಿಡ, ಹೆಣ್ಣು ಗಿಡದ ಮಾತಿದೆಯಲ್ಲ? ಜರ್ಮನಿಯವರಿಗೇಕೆ ಹೆಸರು?

ಉತ್ತರ: ಇದೆ. ಕುಟಜದಲ್ಲಿ, ಅಂದರೆ ಕೊಡಸಿಗದಲ್ಲಿ, ದೊಡ್ಡ ಕಾಯಿ ಬಿಳಿ ಹೂವಿನದು ಗಂಡು, ಸಣ್ಣ ಕಾಯಿ ಕೆಂಪು ಛಾಯೆಯ ಹೂವಿನದು ಹೆಣ್ಣು ಎಂದು ಚರಕ ಹೇಳುತ್ತಾನೆ. ಎರಡಕ್ಕೂ ಕಾಯಿ ಬಿಡುತ್ತದೆ ಎಂಬುದನ್ನು ಗಮನಿಸಿ. ಔಷಧಕ್ಕೆ ಗಿಡ ಗುರುತಿಸುವ ಸೂಕ್ಷ್ಮ ಕಣ್ಣು ಅದು. ಪರಾಗದ ಮಾತು ಅಲ್ಲಿಲ್ಲ. ಇಲ್ಲದ್ದನ್ನು ಚರಕನ ತಲೆಗೆ ಕಟ್ಟಿದರೆ ಅವನ ದೊಡ್ಡತನವೇನೂ ಹೆಚ್ಚುವುದಿಲ್ಲ. ಹೆಮ್ಮೆ ಪಡಲು ನಮಗೆ ಧಾರವಾಡವೇ ಇದೆ: 1972ರಲ್ಲಿ ಇಲ್ಲಿ ಡಾ. ಕಟರ್ಕಿ ಅವರು ಎರಡು ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ಹೈಬ್ರಿಡ್ ಕೊಟ್ಟರು. ಹೆಣ್ಣು ನಮ್ಮ ‘ಲಕ್ಷ್ಮಿ’ ತಳಿ, ಗಂಡು ಉದ್ದ ಎಳೆಯ ಬಾರ್ಬಡೆನ್ಸ್ ಜಾತಿ.

ಮೊದಲ ಪ್ರಶ್ನೆ ಕೇಳಿದವರು: ಹೈಬ್ರಿಡ್ ಗಿಡದ ಬೀಜವನ್ನೇ ಇಟ್ಟುಕೊಂಡು ಮುಂದಿನ ವರ್ಷ ಬಿತ್ತಬಾರದೇ?

ಉತ್ತರ: ಮೊಳೆಯುತ್ತದೆ, ಆದರೆ ಒಂದೇ ಸಮನಾಗಿ ಬರುವುದಿಲ್ಲ. ಕೋಲ್ರಾಯ್ಟರ್ ಎಂಬ ಜರ್ಮನ್ 1760ರ ಸುಮಾರಿಗೆ ಎರಡು ಜಾತಿಯ ತಂಬಾಕನ್ನು ಕೂಡಿಸಿದಾಗ ಸಿಕ್ಕ ಗಿಡ ಹೇಸರಗತ್ತೆಯಂತೆ ಬಂಜೆಯಾಗಿತ್ತು. ಹತ್ತಿಯ ಈ ಎರಡು ಜಾತಿಗಳು ಹತ್ತಿರದ ನೆಂಟರು, ಎರಡಕ್ಕೂ 52 ವರ್ಣತಂತುಗಳು (ತಂದೆತಾಯಿಯ ಗುಣಗಳನ್ನು ಹೊತ್ತೊಯ್ಯುವ ಎಳೆಗಳು), ಹಾಗಾಗಿ ಬೀಜ ಕಟ್ಟುತ್ತದೆ. ಆದರೆ ಮುಂದಿನ ಪೀಳಿಗೆಯಲ್ಲಿ ಅಜ್ಜ ಅಜ್ಜಿಯರ ಗುಣಗಳು ಚೆದುರಿಹೋಗುತ್ತವೆ. ಮೆಂಡೆಲ್ ಬಟಾಣಿಯಲ್ಲಿ ಇದರ ಲೆಕ್ಕ ಹಾಕಿ 1866ರಲ್ಲಿ ಪ್ರಕಟಿಸಿದ. ಜಗತ್ತು ಅದನ್ನು ಗಂಭೀರವಾಗಿ ಓದಿದ್ದು 1900ರಲ್ಲಿ. ನೀವು ಪ್ರತಿ ವರ್ಷ ಹೊಸದಾಗಿ ಕ್ರಾಸಿಂಗ್ ಮಾಡಬೇಕಾಗಿರುವುದು ಇದಕ್ಕೇ.

ಮೊದಲ ಪ್ರಶ್ನೆ ಕೇಳಿದವರು: ಕೊನೆಯದೊಂದು ಸರ್. ಪ್ಲಾಟ್ ನೋಡಲು ಬರುವವರು ‘ಒಂದೇ ಕಡೆ ತೀಡಬೇಡಿ, ಸುತ್ತಲೂ ತೀಡಿ’ ಎಂದು ಗದರುತ್ತಾರೆ. ಹುಡಿ ತಾಗಿದರೆ ಸಾಲದೇ?

ಉತ್ತರ: ಅವರು ಗದರುವುದರಲ್ಲಿ ಅರ್ಥವಿದೆ. 1820ರ ದಶಕದಲ್ಲಿ ಇಟಲಿಯ ಅಮಿಚಿ, ಸ್ವತಃ ಸೂಕ್ಷ್ಮದರ್ಶಕ ತಯಾರಿಸುತ್ತಿದ್ದವನು, ಗೋಣಿಸೊಪ್ಪಿನ ಹೂವಿನಲ್ಲಿ ಪರಾಗದ ಕಣವೊಂದು ಸಣ್ಣ ನಳಿಗೆ ಚಾಚುವುದನ್ನು ಕಂಡ. ಆ ನಳಿಗೆಗಳು ಒಳಗಿಳಿದು ಅಂಡಕವನ್ನು, ಅಂದರೆ ಮುಂದೆ ಬೀಜವಾಗುವ ಭಾಗವನ್ನು, ಮುಟ್ಟುತ್ತವೆ ಎಂಬುದು ಮುಂದೆ ಸ್ಪಷ್ಟವಾಯಿತು. ಒಂದು ಬೀಜಕ್ಕೆ ಒಂದು ಪರಾಗ ಕಣ ಬೇಕು. ಹತ್ತಿಯ ಒಂದು ಕಾಯಿಯಲ್ಲಿ ಮೂವತ್ತರ ಆಸುಪಾಸು ಅಂಡಕಗಳಿರುತ್ತವೆ. ತೀಡಿದ್ದು ಸಾಲದೆ ಹೋದರೆ ಕಾಯಿ ಉದುರುತ್ತದೆ, ಇಲ್ಲವೇ ಬಿಡಿಸಿದಾಗ ಒಳಗೆ ಜೊಳ್ಳು ಬೀಜ ಸಿಗುತ್ತದೆ. ನಾಳೆ ಒಂದೆರಡು ಹೂವಿಗೆ ಬೇಕೆಂದೇ ಒಂದು ಪಕ್ಕ ಮಾತ್ರ ತೀಡಿ, ಬೇರೆ ಬಣ್ಣದ ದಾರ ಕಟ್ಟಿ, ಬಿಡಿಸುವಾಗ ಮಗಳಿಂದಲೇ ಬೀಜ ಎಣಿಸಿ.