ಮಳಿಗಾಲದಾಗ ಗಾದಿ ವಾಸನಿ ಹೋಗಸೂದು ಹೆಂಗ? ಅನುಭವ ಇದ್ದವರು ಹೇಳ್ರಿ

ಕೇಳಿದವರು, ಧಾರವಾಡ:
ನಮಸ್ಕಾರ್ರಿ. ಮನ್ಯಾಗ ಸಣ್ಣ ಹುಡುಗಿ ಇದ್ದಾಳ, ರಾತ್ರಿ ಹಾಸಿಗ್ಯಾಗ ಉಚ್ಚಿ ಮಾಡ್ತಾಳ. ಆರು ಇಂಚಿನ ಫೋಮ್ ಗಾದಿ. ಚಾದರ ದಿನಾ ತೊಳೀತೀನಿ, ಆದ್ರ ಗಾದಿಗೆ ಹಳದಿ ಕಲಿ ಬಿದ್ದದ. ಖೋಲಿ ಬಾಗಲಾ ತಗದ್ರ ವಾಸನಿ ಮುಖಕ್ಕ ಬಡೀತದ. ಬ್ಯಾಸಗ್ಯಾಗ ಆಗಿದ್ರ ಮಾಳಿಗಿ ಮ್ಯಾಲ ಹಾಕ್ತಿದ್ವಿ. ಈಗ ಜಿಟಿಜಿಟಿ ಮಳಿ, ನಿಲ್ಲವಲ್ದು. ಮನ್ಯಾಗ ಮಾಡೂವಂಥಾದ್ದು ಏನರ ಇದ್ರ ಹೇಳ್ರಿ.

ಎರಡು ಮಕ್ಕಳ ತಾಯಿ, ಹುಬ್ಬಳ್ಳಿ:
ಅಕ್ಕಾರ, ಮದಲ ಒಂದು ಮಾತು. ಗಾದಿ ಮ್ಯಾಲ ನೀರು ಸುರವಬ್ಯಾಡ್ರಿ. ಫೋಮ್ ನೀರು ಕುಡದು ಒಳಗ ಇಟ್ಕೋತದ, ಈ ಹವಾದಾಗ ಅದು ಒಣಗೂದಿಲ್ಲ, ಬೂಷ್ಟು ಹಿಡೀತದ. ಆಮ್ಯಾಲ ಉಚ್ಚಿ ವಾಸನಿ ಹೋದ್ರೂ ಬೂಷ್ಟಿನ ವಾಸನಿ ಉಳೀತದ.

ಹುಡುಗಿ ಉಚ್ಚಿ ಮಾಡಿದ್ದು ಗೊತ್ತಾದ ಕೂಡ್ಲೆ ಒಣಾ ಟವೆಲ್ ಇಟ್ಟು ಅಂಗೈಲೆ ಒತ್ರಿ, ಮ್ಯಾಲ ಮೊಣಕಾಲು ಊರ್ರಿ. ತಿಕ್ಕಬ್ಯಾಡ್ರಿ, ತಿಕ್ಕಿದ್ರ ಕಲಿ ಅಗಲ ಆಗತದ, ಒಳಗೂ ಇಳೀತದ. ಟವೆಲ್ ಬದಲಿ ಮಾಡ್ಕೋತ ಹಸಿ ಹತ್ತೂದು ನಿಲ್ಲೂತನಕಾ ಒತ್ರಿ. ಅರ್ಧಾ ಬಿಳಿ ವಿನೆಗರ್, ಅರ್ಧಾ ನೀರು ಸ್ಪ್ರೇ ಬಾಟಲಿಯೊಳಗ ಹಾಕಿ ತುಸು ಸಿಂಪಡಿಸಿ ಮತ್ತ ಒತ್ರಿ. ಅದು ಆರಿದ ಮ್ಯಾಲ ಅಡಗಿ ಸೋಡಾ ದಪ್ಪಗ ಉದುರಿಸಿ, ರಾತ್ರಿಯೆಲ್ಲಾ ಬಿಟ್ಟು, ಮುಂಜಾನೆ ವ್ಯಾಕ್ಯೂಮ್ ಹಚ್ರಿ. ವ್ಯಾಕ್ಯೂಮ್ ಇಲ್ಲಂದ್ರ ಮೆತ್ತನ ಬ್ರಷ್‌ಲೆ ಝಾಡಸ್ರಿ.

ಸೋಡಾ, ವಿನೆಗರ್ ಎರಡೂ ಕೂಡಿಸಿ ಒಮ್ಮೆಲೆ ಹಾಕ್ರಿ ಅಂತ ಭಾಳ ಮಂದಿ ಹೇಳ್ತಾರ. ಬುರುಗು ಬರತದ, ನೋಡಲಿಕ್ಕೆ ಛಲೋ ಅನಸ್ತದ. ಆದ್ರ ಒಂದರ ಶಕ್ತಿ ಇನ್ನೊಂದು ತಿಂದು ಕೆಲಸಾ ಏನೂ ಆಗೂದಿಲ್ಲ. ಬ್ಯಾರೆ ಬ್ಯಾರೆ ಹಾಕ್ರಿ. ಮತ್ತ ಬಟ್ಟಿ ಒಗಿಯೂ ಸೋಡಾ ಅಲ್ರಿ, ಅಡಗಿ ಸೋಡಾನ.

ಔಷಧ ಅಂಗಡಿಯವರು, ನವನಗರ:
ಸೋಡಾದಿಂದ ವಾಸನೆ ಹೋಗುತ್ತದೆ, ಹಳೇ ಹಳದಿ ಕಲೆ ಹೋಗುವುದಿಲ್ಲ. ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ನಮ್ಮಲ್ಲಿ ಸಿಗುವ ಬಾಟಲಿ ಹೆಚ್ಚಾಗಿ ಶೇ. 6ರದ್ದು, ಅದರ ಮೇಲೆ 20 ವಾಲ್ಯೂಮ್ ಅಂತ ಬರೆದಿರುತ್ತದೆ. ಅದಕ್ಕೆ ಅಷ್ಟೇ ನೀರು ಸೇರಿಸಿದರೆ ಶೇ. 3 ಆಗುತ್ತದೆ, ಗಾದಿಗೆ ಅದು ಸಾಕು. ಒಂದು ಕಪ್ಪಿಗೆ ಮೂರು ದೊಡ್ಡ ಚಮಚ ಅಡುಗೆ ಸೋಡಾ, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಕಲೆಯ ಮೇಲೆ ಸಿಂಪಡಿಸಿ ಹಾಗೇ ಒಣಗಲು ಬಿಡಿ. ಒಣಗಿದ ಮೇಲೆ ಬಿಳಿ ಪುಡಿ ಉಳಿಯುತ್ತದೆ, ಝಾಡಿಸಿಬಿಡಿ.

ಇದು ಬಣ್ಣ ತೆಗೆಯುತ್ತದೆ. ಬಣ್ಣದ ಗಲೀಪು ಇದ್ದರೆ ಒಂದು ಮೂಲೆಯಲ್ಲಿ ಹಚ್ಚಿ ನೋಡಿ ಆಮೇಲೆ ಮುಂದುವರಿಯಿರಿ. ಕಲಸಿದ್ದನ್ನು ಮುಚ್ಚಳ ಬಿಗಿದು ಇಡಬೇಡಿ, ಒಳಗೆ ಗ್ಯಾಸ್ ತುಂಬಿ ಬಾಟಲಿ ಒಡೆಯಬಹುದು. ಬೇಕಾದಷ್ಟೇ ಕಲಸಿ, ಉಳಿದದ್ದು ಚೆಲ್ಲಿ. ಕೈಗೆ ಗ್ಲೌಸ್ ಇರಲಿ, ಮಗು ಹತ್ತಿರ ಬರದಂತೆ ನೋಡಿಕೊಳ್ಳಿ.

ಬ್ಲೀಚ್ ಹಾಕುವ ವಿಚಾರ ಮಾತ್ರ ಬೇಡವೇ ಬೇಡ. ಮೂತ್ರದ ಜೊತೆ ಸೇರಿದರೂ ವಿನೆಗರ್ ಜೊತೆ ಸೇರಿದರೂ ವಿಷದ ಗಾಳಿ ಏಳುತ್ತದೆ. ಮಳೆಗಾಲಕ್ಕೆ ಕಿಟಕಿ ಮುಚ್ಚಿದ ಕೋಣೆಯಲ್ಲಂತೂ ಬಹಳ ಅಪಾಯ. ಹಾಗೇ, ರಕ್ತದ ಕಲೆ ಇದ್ದವರು ತಣ್ಣೀರನ್ನೇ ಬಳಸಿ, ಬಿಸಿನೀರಿಗೆ ಅದು ಗಟ್ಟಿ ಕೂಡುತ್ತದೆ.

ಬೆಟಗೇರಿಯಿಂದ ಒಬ್ಬ ಅಜ್ಜಿ:
ಯವ್ವಾ, ಫೋಮಿಂದು ನೀವು ನೋಡ್ಕೋರಿ. ನಮ್ಮ ಮನ್ಯಾಗ ಇನ್ನೂ ಅರಳಿ ಗಾದಿನ ಐತಿ. ಮಕ್ಕಳಿದ್ದ ಮನಿಗೆ ಅದರಷ್ಟು ಛಲೋದು ಯಾವುದೂ ಇಲ್ಲ ಅಂತ ನಾ ಅಂತೀನಿ. ಉಚ್ಚಿ ಒಳಗ ಇಳಿದಿದ್ರ ಆ ಕಡೆ ಹೊಲಿಗಿ ಬಿಚ್ಚಿ, ಹಸಿಯಾದ ಅರಳಿ ಅಷ್ಟ ತಗದು ಒಣಗಿಸಿ, ಕೈಲೆ ಬಿಡಿಸಿ ಮತ್ತ ತುಂಬತೀವಿ. ಗಲೀಪು ಒಗದು ಹಾಕ್ತೀವಿ. ಫೋಮಿನ ಗಾದಿಗೆ ಹಂಗ ಮಾಡಾಕ ಬರತೈತೇನು?

ಅರಳಿ ಕುಂತು ಗಂಟಾದ್ರ ಪಿಂಜಾರರ ಕಡೆ ಕೊಟ್ಟು ಹಿಂಜಸ್ಬೇಕು. ಮದಲ ನದಾಫ ಮಂದಿ ಹೆಗಲ ಮ್ಯಾಲ ಬಿಲ್ಲು ಹೊತ್ಕೊಂಡು ಓಣಿಗೆ ಬರತಿದ್ರು. ಬಿಲ್ಲಿನ ನಾರಿ ಮೀಟೋ ಸಪ್ಪಳ ಕೇಳಿದ್ರ ಹುಡುಗ್ರೆಲ್ಲಾ ಓಡಿ ಬರೋವು. ಈಗ ಮಿಶಿನ್ ಮ್ಯಾಲ ಹಿಂಜತಾರ. ಹಿಂಜಿಸಿದ ಗಾದಿ ಹೊಸಾದರಂಗ ಉಬ್ಬತೈತಿ. ಹತ್ತಿ ಬೆಳೆಯೋ ನಾಡಿನಾಗ ಇದ್ದು ಈ ಕಸಬು ಕೈ ಬಿಡಬಾರದು ನೋಡ್ರಿ. ನಿಮ್ಮ ಓಣ್ಯಾಗ ಹಿಂಜವರು ಇದ್ರ ಅವರಿಗೇ ಕೆಲಸಾ ಕೊಡ್ರಿ.

ಕೇಳಿದವರು, ಧಾರವಾಡ:
ಭಾಳ ಉಪಕಾರ ಆತ್ರಿ ಎಲ್ಲಾರ್ದೂ. ಒಂದು ಹೇಳೂದು ಬಿಟ್ಟಿದ್ದೆ. ನಮ್ಮದು ಒಳಗ ಸಾಮಾನು ಇಡೂ ಬಾಕ್ಸ್ ಮಂಚ, ಮ್ಯಾಲ ಪ್ಲೈವುಡ್. ಗಾದಿ ಎತ್ತಿ ನೋಡಿದ್ರ ತಳಕ್ಕೂ ತಂಪು ಹತ್ತೇದ.

ಬಡಿಗತನದವರು, ಹಾವೇರಿ:
ಅಕ್ಕಾರ, ವಾಸನಿಗೆ ಅರ್ಧಾ ಕಾರಣ ಅದ ಐತಿ. ಪ್ಲೈವುಡ್ ಮ್ಯಾಲ ಗಾಳಿ ಆಡೂದಿಲ್ಲ. ಮೈ ಬೆವರು, ಮಳಿ ಥಂಡಿ ಎಲ್ಲಾ ಗಾದಿ ತಳಕ್ಕ ಕೂಡ್ತಾವು. ಬಡಿಗ್ಯಾರನ್ನ ಕರದು ಹಲಗಿಗೆ ಅಲ್ಲಲ್ಲಿ ತೂತು ಹೊಡಸ್ರಿ, ಒಂದು ತಾಸಿನ ಕೆಲಸಾ. ಅಲ್ಲೀತನಕಾ ಮುಂಜಾನೆ ಎದ್ದ ಕೂಡ್ಲೆ ಹಾಸಿಗಿ ಮುಚ್ಚಬ್ಯಾಡ್ರಿ. ಗಾದಿ ಗ್ವಾಡಿಗೆ ಹಚ್ಚಿ ನಿಂದರಿಸಿ ಟೇಬಲ್ ಫ್ಯಾನ್ ಬಿಡ್ರಿ, ಆ ಮಗ್ಗಲ ಒಣಗಿದ ಮ್ಯಾಲ ಈ ಮಗ್ಗಲ. ಬಿಸಲು ಬಿದ್ದ ದಿನ ಫೋಮ್ ಗಾದಿ ಸ್ವಲ್ಪ ಹೊತ್ತು ಹೊರಗಿಟ್ರ ನಡೀತೈತಿ, ಭಾಳ ಹೊತ್ತು ಬ್ಯಾಡ. ಲ್ಯಾಟೆಕ್ಸ್ ಗಾದಿ ಇದ್ದವರು ಬಿಸಲಿಗೆ ಇಡಬಾರದು, ಅದು ಬಿರಿತು ಪುಡಿ ಆಗತೈತಿ. ನೆಳ್ಳಾಗ ಗಾಳಿಗೆ ಇಡ್ರಿ.

ಎರಡು ಮಕ್ಕಳ ತಾಯಿ, ಹುಬ್ಬಳ್ಳಿ:
ಒಣಗಿದ ಮ್ಯಾಲ ಮತ್ತ ಕೆಡಬಾರದಂದ್ರ ಗಾದಿಗೆ ವಾಟರ್‌ಪ್ರೂಫ್ ಕವರ್ ಹಾಕ್ರಿ, ಅದರ ಮ್ಯಾಲ ಹಳೇ ಕೌದಿ, ಅದರ ಮ್ಯಾಲ ಚಾದರ. ಬರೇ ರಬ್ಬರ್ ಶೀಟ್ ಮ್ಯಾಲ ಮಕ್ಕಳಿಗೆ ಬೆವರು ಬಿಡತದ, ನಡುವ ಕೌದಿ ಇದ್ರ ಉಚ್ಚಿನೂ ಅಲ್ಲೇ ಹೀರತದ. ಎರಡು ಕೌದಿ ಇಟ್ಕೋರಿ, ಒಂದು ಒಣಗೂತನಕಾ ಇನ್ನೊಂದು. ನೀರು ಬರೂ ದಿನಾ ನೋಡಿ ಒಗೀಬೇಕಾಗತದಲ್ಲ ನಮ್ಮ ಕಡೆ.

ಹುಡುಗಿಗೆ ಬೈಬ್ಯಾಡ್ರಿ ಅಕ್ಕಾರ. ಐದು ವರ್ಷದೊಳಗಿನ ಮಕ್ಕಳು ರಾತ್ರಿ ಉಚ್ಚಿ ಮಾಡೂದು ರೋಗ ಅಲ್ಲ. ಭಾಳ ದಿನಾ ಬಿಟ್ಟಿದ್ದು ಮತ್ತ ಶುರು ಆದ್ರ, ಇಲ್ಲಾ ಉರಿ ಅಂತ ಅತ್ರ, ಡಾಕ್ಟರ್ ಕಡೆ ತೋರಸ್ರಿ.